ಐದು-ಒಂಬತ್ತರ ಸೌಜನ್ಯ

ನಾಗರಿಕ ಸಮಾಜವೆಂಬ ಭವ್ಯ ಕಟ್ಟಡದ ಅಡಿಪಾಯದಲ್ಲಿ ಇರುವುದು ಸತ್ಯವೂ ಅಲ್ಲ, ನ್ಯಾಯವೂ ಅಲ್ಲ; ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಘನ ಉದ್ದೇಶದಿಂದ ಮನುಷ್ಯರು ತಲತಲಾಂತರದಿಂದ ಹೇಳಿಕೊಂಡು ಬಂದಿರುವ ಸಣ್ಣಪುಟ್ಟ ಸುಳ್ಳುಗಳು. ಈ ದರ್ಶನ ನನಗಾದದ್ದು ಯಾವ ಗಿರಿಶಿಖರದ ಮೇಲೂ ಅಲ್ಲ, ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜಿನ ಮುಂದೆ, ಉಪ್ಪು ಕಡಿಮೆಯಾಗಿದ್ದ ಒಂದು ತಟ್ಟೆ ಉಪ್ಪಿಟ್ಟನ್ನು ಎದುರಿಗಿಟ್ಟುಕೊಂಡು. “ಹೇಗಿದೆ?” ಎಂದು ನನ್ನ ಹೆಂಡತಿ ಸುಶೀಲ ಕೇಳಿದಳು. “ಚೆನ್ನಾಗಿದೆ” ಎಂದೆ. ಮೂವತ್ತೆಂಟು ವರ್ಷಗಳಿಂದ ಆ ಪ್ರಶ್ನೆಗೆ ಅದೇ ಉತ್ತರ ಸಂದಿದೆ. ಉಪ್ಪಿಟ್ಟಿನ ರುಚಿ ದಿನದಿನಕ್ಕೆ ಬದಲಾಗಿದೆ, ಉತ್ತರ ಮಾತ್ರ ಸ್ಥಿರವಾಗಿ ನಿಂತಿದೆ.

ಅದರಿಂದ ಯಾರಿಗೂ ಅಪಾಯವಾಗಲಿಲ್ಲವೆಂದು ನೀವು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದಕ್ಕೆ ಉತ್ತರವಾಗಿಯೇ ಈ ಕಥೆ ಹೇಳಬೇಕಾಗಿದೆ.

ನಾನೊಬ್ಬ ನಿವೃತ್ತ ಗ್ರಂಥಪಾಲಕ. ಮೂವತ್ತೊಂದು ವರ್ಷ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು “ಶ್ಶ್” ಎಂಬ ಏಕಾಕ್ಷರ ಮಂತ್ರವನ್ನು ಜಪಿಸಿದವನು. ಅಷ್ಟು ವರ್ಷ ಬೇರೆಯವರ ಬಾಯಿ ಮುಚ್ಚಿಸಿದ ಪಾಪಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ, ಕಂಡು ಕೇಳರಿಯದವರನ್ನು ಗಾಳಿಯಲ್ಲಿ ಕೂಗಿ ಕರೆದು ಮಾತಾಡಿಸುವ ಹವ್ಯಾಸ ನನಗೆ ಅಂಟಿತು. ಇದಕ್ಕೆ ಹ್ಯಾಮ್ ರೇಡಿಯೋ ಎನ್ನುತ್ತಾರೆ. ಸರ್ಕಾರ ಪರೀಕ್ಷೆ ಮಾಡಿ ಲೈಸೆನ್ಸ್ ಕೊಡುತ್ತದೆ, ಒಂದು ಕರೆಹೆಸರು ಕೊಡುತ್ತದೆ. ಮಿಕ್ಕದ್ದು ನಮ್ಮ ಪಾಡು. ನಮ್ಮ ಮನೆಯಲ್ಲಿ ಉಗ್ರಾಣವೆಂದು ಕಟ್ಟಿಸಿದ ಕೋಣೆಯ ಒಂದು ಗೋಡೆಗೆ ಅಕ್ಕಿ, ರಾಗಿ, ಬೇಳೆಯ ಡಬ್ಬಗಳೂ ಎದುರು ಗೋಡೆಗೆ ನನ್ನ ರೇಡಿಯೋ, ಬ್ಯಾಟರಿ, ಮೈಕುಗಳೂ ಪರಸ್ಪರ ಗೌರವದಿಂದ ಬಾಳುತ್ತಿವೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನಿಂದ ಮೆಟ್ಟಿಲ ಗೂಡಿನವರೆಗೆ ಒಂದು ತಂತಿ ಎಳೆದಿದ್ದೇನೆ. ಅದು ನನ್ನ ಆಂಟೆನಾ. ಸಂಡಿಗೆ ಒಣಗಿಸುವ ಕಾಲದಲ್ಲಿ ಅದರ ಕೆಳಗಿನ ನೆಲದ ಮೇಲೆ ನನಗೆ ಯಾವ ಹಕ್ಕೂ ಇಲ್ಲ.

ಹ್ಯಾಮ್‌ಗಳ ಲೋಕದಲ್ಲಿ ಭೇಟಿಯಾದವರು ಮೊದಲು ವಿನಿಮಯ ಮಾಡಿಕೊಳ್ಳುವುದು ಕ್ಷೇಮಸಮಾಚಾರವಲ್ಲ, ಎರಡು ಅಂಕಿ. ಮೊದಲನೆಯದು ನಿಮ್ಮ ಮಾತು ಎಷ್ಟು ಸ್ಪಷ್ಟವಾಗಿದೆ ಎಂಬುದು. ಅದು ಒಂದರಿಂದ ಐದರವರೆಗೆ. ಎರಡನೆಯದು ನಿಮ್ಮ ದನಿ ಎಷ್ಟು ಬಲವಾಗಿ ಬರುತ್ತಿದೆ ಎಂಬುದು. ಅದು ಒಂದರಿಂದ ಒಂಬತ್ತರವರೆಗೆ. ಹಾಗಾಗಿ ಐದು-ಒಂಬತ್ತು, ನಮ್ಮ ಬಾಯಲ್ಲಿ ‘ಫೈವ್ ನೈನ್’, ಎಂದರೆ ಪರಿಪೂರ್ಣ: ಎದುರಿಗೆ ಕುಳಿತು ಮಾತಾಡಿದ ಹಾಗೆ. ಈ ಪದ್ಧತಿಯನ್ನು ಮಾಡಿದ ಹಿರಿಯರ ಉದ್ದೇಶ ಪ್ರಾಮಾಣಿಕವೇ ಆಗಿದ್ದಿರಬೇಕು. ಆದರೆ ಎಲ್ಲೋ ದೂರದಲ್ಲಿ, ಕಷ್ಟಪಟ್ಟು ತಂತಿ ಕಟ್ಟಿ ಕುಳಿತು ನಿಮ್ಮನ್ನೇ ಕೂಗುತ್ತಿರುವ ಮನುಷ್ಯನಿಗೆ “ನೀವು ಎರಡು-ಮೂರು” ಎಂದು ಹೇಳುವುದು, ಮದುವೆಮನೆಯಲ್ಲಿ ಹುಡುಗಿಯ ತಂದೆಯ ಎದುರು ಸಾರು ಸಪ್ಪೆ ಎಂದಂತೆ. ಆದ್ದರಿಂದ ನಾವು ಎಲ್ಲರಿಗೂ ಫೈವ್ ನೈನ್ ಕೊಡುತ್ತೇವೆ. “ಫೈವ್ ನೈನ್ ಸಾರ್, ಬಹಳ ಚೆನ್ನಾಗಿ ಬರ್ತಾ ಇದೀರಿ. ನಿಮ್ಮ ಹೆಸರು ಇನ್ನೊಂದ್ಸಲ ಹೇಳಿ. ಇನ್ನೊಂದ್ಸಲ. ಕ್ಷಮಿಸಿ, ಇನ್ನೊಂದೇ ಒಂದ್ಸಲ.” ಇದರಲ್ಲಿರುವ ವಿರೋಧಾಭಾಸ ಕೇಳುವವನಿಗೂ ಹೇಳುವವನಿಗೂ ಗೊತ್ತು, ಇಬ್ಬರೂ ಅದನ್ನು ಎತ್ತಿ ತೋರಿಸುವುದಿಲ್ಲ. ಸಂಸ್ಕಾರವೆಂದರೆ ಅದೇ ತಾನೆ!

ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮದೊಂದು ಹಾಜರಿ ಇದೆ. ಎಂಟು-ಹತ್ತು ಮಂದಿ ಗೊತ್ತಾದ ಫ್ರೀಕ್ವೆನ್ಸಿಗೆ ಬರುತ್ತಾರೆ, ಒಬ್ಬರು ಕಂಟ್ರೋಲ್ ಆಗಿ ಹೆಸರು ಕರೆಯುತ್ತಾರೆ, ಉಳಿದವರು ಸರದಿಯಂತೆ ಹವಾಮಾನ, ಮಂಡಿನೋವು, ತಿಂಡಿ ಇತ್ಯಾದಿ ರಾಷ್ಟ್ರೀಯ ಮಹತ್ವದ ವಿಷಯಗಳನ್ನು ವರದಿ ಮಾಡುತ್ತಾರೆ. ನಡುವೆ ಬಾಯಿ ಹಾಕಬೇಕಾದವರು ‘ಬ್ರೇಕ್’ ಎನ್ನಬೇಕು. ಹೊಸಹಳ್ಳಿಯ ಗಿರೀಶ, ಮಿಕ್ಸಿ ಮತ್ತು ಮೋಟಾರು ರಿಪೇರಿಯ ಅಂಗಡಿಯವನು, ತಪ್ಪದೆ ಬರುತ್ತಾನೆ. ಕೊಳ್ಳೇಗಾಲದ ಆಚೆ, ಕಾಡಂಚಿನ ಒಂದು ಊರಿನಲ್ಲಿ ಬೇಕರಿ ಇಟ್ಟಿರುವ ಮಹದೇವು ಬನ್ನುಗಳನ್ನು ಒಲೆಯಿಂದ ತೆಗೆದು ಬರುತ್ತಾನೆ. ಇವರೆಲ್ಲರ ಮೇಲೆ, ಕೆಂಗೇರಿ ಉಪನಗರದಿಂದ, ಸರೋಜಮ್ಮನವರು.

ಸರೋಜಮ್ಮನವರ ಬಗ್ಗೆ ಎರಡು ಮಾತು ಹೇಳಲೇಬೇಕು. ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಟೆಲಿಗ್ರಾಂ ಎಂಬುದು ಈ ದೇಶದಲ್ಲಿ ಸತ್ತುಹೋಯಿತೆಂಬ ಸುದ್ದಿಯನ್ನು ಅವರು ಅಧಿಕೃತವಾಗಿ ಒಪ್ಪಿಕೊಂಡಿಲ್ಲ. ಇಂದಿಗೂ ಯಾವ ಮಾತು ಕೇಳಿದರೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಅವರ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತಂತೆ: ಕೇಳಿಸದ ಮಾತಿನ ಜಾಗವನ್ನು ಖಾಲಿ ಬಿಡಬೇಕು, ಒಂದು ಗೀಟು ಎಳೆದು ಮುಂದಕ್ಕೆ ಹೋಗಬೇಕು, ಏನೇ ಆದರೂ ಅಂದಾಜಿನಿಂದ ತುಂಬಬಾರದು. “ಖಾಲಿ ಜಾಗ ಕೇಳಿ ತುಂಬಿಸ್ಕೋಬಹುದು ಮೂರ್ತಿಗಳೇ, ತಪ್ಪು ತುಂಬಿದ್ರೆ ಅದು ತಪ್ಪು ಅಂತಾನೂ ಗೊತ್ತಾಗಲ್ಲ” ಎಂದು ನನಗೆ ಹಲವು ಸಲ ಹೇಳಿದ್ದರು. ಅವರೊಬ್ಬರೇ ಯಾರಿಗೂ ಪುಕ್ಕಟೆ ಫೈವ್ ನೈನ್ ಕೊಡುತ್ತಿರಲಿಲ್ಲ. ಒಮ್ಮೆ ನನಗೆ ಮೂರು-ನಾಲ್ಕು ಕೊಟ್ಟಾಗ ಎರಡು ವಾರ ನಾನು ಹಾಜರಿಗೆ ಹೋಗಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿಕಳಿಸಿದ್ದೆ.

ಆ ಭಾನುವಾರ ಕಂಟ್ರೋಲ್ ಆಗುವ ಸರದಿ ನನ್ನದು. ನಮ್ಮ ಬಳಗದ ನಂಜುಂಡಯ್ಯನವರು ಗೈರುಹಾಜರಿ. ಅವರು ವಿಜಯನಗರದವರು, ವಿದ್ಯುತ್ ಇಲಾಖೆಯಿಂದ ನಿವೃತ್ತರು, ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಒಂದು ಪುಟ್ಟ ರೇಡಿಯೋ ಮತ್ತು ಹದಿನೈದು ಮೀಟರ್ ತಂತಿಯನ್ನು ಚೀಲದಲ್ಲಿ ಹಾಕಿಕೊಳ್ಳದೆ ಹೊಸಿಲು ದಾಟದವರು. ಮನೆಮಂದಿಯನ್ನೆಲ್ಲ ಟೆಂಪೋದಲ್ಲಿ ಕೂರಿಸಿಕೊಂಡು ಮಹದೇವುವಿನ ಊರಿನಾಚೆಯ ಕಣಿವೆಯಲ್ಲಿರುವ ಮನೆದೇವರಿಗೆ ಹೋಗಿದ್ದರು. ಅಲ್ಲಿ ಮೊಬೈಲು ಸಿಗುವುದಿಲ್ಲ. ಅವರ ಅಕ್ಕ ಗೌರಮ್ಮನವರು, ಎಪ್ಪತ್ತರ ಮೇಲಿನ ಗಟ್ಟಿ ಜೀವ, ಹೊರಡುವಾಗಲೇ ಆ ಚೀಲ ನೋಡಿ, “ದೇವರ ಹತ್ರ ಮಾತಾಡಕ್ಕೂ ಆ ಡಬ್ಬ ಬೇಕೇನೋ ನಿನಗೆ?” ಎಂದಿದ್ದರಂತೆ.

ಹಾಜರಿ ಅರ್ಧ ಮುಗಿದಿತ್ತು. ಒಂಬತ್ತು ಮುಕ್ಕಾಲಿಗೆ ಇನ್ನೈದು ನಿಮಿಷ. ಗಿರೀಶ ತನ್ನ ಅಂಗಡಿಗೆ ಬಂದ ಒಂದು ಹಳೆಯ ಮಿಕ್ಸಿಯ ಜೀವನಚರಿತ್ರೆಯನ್ನು ಮುಗಿಸಿ ಮೈಕು ಬಿಟ್ಟಿದ್ದ. ಆ ಬಿಡುವಿನಲ್ಲಿ, ಗರಗರ ಸದ್ದಿನ ತಳದಿಂದ, ಬಾವಿಯೊಳಗೆ ಬಿದ್ದವರ ಕೂಗಿನಂತೆ, ಒಂದು ತೆಳ್ಳನೆಯ ದನಿ ಎದ್ದಿತು.

“ಬ್ರೇಕ್, ಬ್ರೇಕ್. ಎಮರ್ಜೆನ್ಸಿ. ಮೂರ್ತಿಗಳೇ, ನಾನು ನಂಜುಂಡಯ್ಯ. ಹೇಗೆ ಬರ್ತಾ ಇದೀನಿ?”

ಸ್ನೇಹಿತರೇ, ಇಲ್ಲಿ ಸ್ವಲ್ಪ ನಿಲ್ಲಿ. ಆ ಕ್ಷಣದಲ್ಲಿ ನನಗೆ ಭಯವಾಗಿತ್ತೇ? ಆಗಿತ್ತು. ಕಿವಿ ನಿಮಿರಿತ್ತೇ? ನಿಮಿರಿತ್ತು. ಆದರೆ ಇಷ್ಟು ವರ್ಷದ ಅಭ್ಯಾಸಬಲ ಎಂಬುದು ಭಯಕ್ಕಿಂತ, ಕಿವಿಗಿಂತ, ಬುದ್ಧಿಗಿಂತ ಮುಂದಾಗಿ ಓಡುವ ಪ್ರಾಣಿ.

“ಫೈವ್ ನೈನ್ ನಂಜುಂಡಯ್ಯನೋರೇ, ಫೈವ್ ನೈನ್! ಹೇಳಿ, ಹೇಳಿ” ಎಂದೆ.

ಅವರು ಹೇಳಿದರು. ಫೈವ್ ನೈನ್ ಎಂದು ಕೇಳಿದವನು ಹೇಗೆ ಹೇಳುತ್ತಾನೋ ಹಾಗೆ, ಒಂದೇ ಉಸಿರಿಗೆ, ಒಂದೇ ಸಲ. ನಾನು ಬರೆದುಕೊಂಡೆ: “ಹೆಜ್ಜೇನು ಎದ್ದಿವೆ… ಹದಿಮೂರು ಜನ… ಅಕ್ಕನಿಗೆ ಜಾಸ್ತಿ ಕಚ್ಚಿವೆ, ವಾಂತಿ ಆಗ್ತಾ ಇದೆ, ಎಚ್ಚರ ತಪ್ತಾ ಇದೆ… ಆಂಬುಲೆನ್ಸ್ ಬೇಕು… ಟೆಂಪೋ ಘಾಟ್ ರಸ್ತೆ ಮೇಲೆ ನಿಂತಿದೆ…” ಅಷ್ಟರಲ್ಲಿ ನನ್ನ ಹೆಡ್‌ಫೋನಿನಲ್ಲಿ ಪ್ರಳಯವಾಯಿತು. ಒಂದು ಭೀಕರವಾದ ಭೋರ್ಗರೆತ. ಅದರೊಳಗೆ ನಂಜುಂಡಯ್ಯನವರೂ ಹೆಜ್ಜೇನೂ ಕಣಿವೆಯೂ ಮುಳುಗಿಹೋದವು. ಅದು ನಿಂತಾಗ ಕೇಳಿಸಿದ್ದು ಕೊನೆಯ ಮಾತು ಮಾತ್ರ: “ಬ್ಯಾಟರಿ ಸಾಯ್ತಾ ಇದೆ. ಫೈವ್ ನೈನ್ ಅಂದ್ರಲ್ಲ, ಸಾಕು. ಹತ್ತೂಕಾಲಿಗೆ ಮತ್ತೆ ಬರ್ತೀನಿ.”

ಕರೆದೆ. ಮತ್ತೆ ಕರೆದೆ. ಅವರು ರೇಡಿಯೋ ಆರಿಸಿಬಿಟ್ಟಿದ್ದರು.

ಬ್ಯಾಟರಿ ಸಾಯಲು ಕಾರಣ ಆಮೇಲೆ ತಿಳಿಯಿತು: ಹಿಂದಿನ ಸಂಜೆ ಛತ್ರದ ಅಂಗಳದಿಂದ ಮಲೇಷಿಯಾದ ಯಾರನ್ನೋ ಹಿಡಿದು ಮುಕ್ಕಾಲು ಗಂಟೆ ಹರಟಿದ್ದರು, ಅವರಿಂದ ಫೈವ್ ನೈನ್ ಪಡೆದು ಪರಮಾನಂದದಿಂದ ಮಲಗಿದ್ದರು. ಭೋರ್ಗರೆತದ ಕಾರಣ ಮಾತ್ರ ಆಗಲೇ ತಿಳಿದಿತ್ತು. ಗೋಡೆಯಾಚೆ ಸುಶೀಲ ಉಪ್ಪಿಟ್ಟಿಗೆ ಕಾಯಿಚಟ್ನಿ ರುಬ್ಬುತ್ತಿದ್ದಳು. ನಮ್ಮ ಮಿಕ್ಸಿ ಓಡುವಾಗ ರೇಡಿಯೋದಲ್ಲಿ ಏನೂ ಕೇಳುವುದಿಲ್ಲವೆಂಬುದು ನನಗೆ ಎಷ್ಟೋ ವರ್ಷಗಳಿಂದ ಗೊತ್ತು, ಅವಳಿಗೆ ಗೊತ್ತಿಲ್ಲ, ಏಕೆಂದರೆ ಅವಳು “ಮಿಕ್ಸಿ ಹಾಕ್ಲಾ, ತೊಂದರೆ ಆಗತ್ತಾ?” ಎಂದು ಕೇಳಿದಾಗಲೆಲ್ಲ “ಛೇ, ಏನೂ ಇಲ್ಲ, ಹಾಕು” ಎಂದವನು ನಾನೇ.

ಈಗ ನಿಮಗೆ ಆ ಕಣಿವೆಯ ಭೂಗೋಳ ಸ್ವಲ್ಪ ತಿಳಿಯಬೇಕು. ಅಲ್ಲಿಗೆ ಎರಡು ದಾರಿ. ಒಂದು ಮೇಲಿನ ಘಾಟ್ ರಸ್ತೆ, ಇನ್ನೊಂದು ಕೆಳಗೆ ಹೊಳೆಯ ಪಕ್ಕದಲ್ಲಿ ಸುತ್ತಿ ಬರುವ ರಸ್ತೆ. ಎರಡೂ ಮಹದೇವುವಿನ ಊರಿನಿಂದಲೇ ಕವಲೊಡೆಯುತ್ತವೆ. ಒಂದರಲ್ಲಿ ಹೋದವರು ಇನ್ನೊಂದಕ್ಕೆ ಬರಬೇಕಾದರೆ ಊರಿಗೇ ವಾಪಸು ಬರಬೇಕು. ತಪ್ಪು ದಾರಿಯಲ್ಲಿ ಆಂಬುಲೆನ್ಸ್ ಹೋದರೆ ಎರಡು ಗಂಟೆ ಹೋಯಿತು. ಎಚ್ಚರ ತಪ್ಪುತ್ತಿರುವ ಮುದುಕಿಯ ಪಾಲಿಗೆ ಎರಡು ಗಂಟೆ ಎಂದರೆ ಏನೆಂದು ಹೇಳಲು ವೈದ್ಯರೇ ಬೇಕಾಗಿಲ್ಲ.

ನನ್ನ ಹಾಳೆಯಲ್ಲಿ ಟೆಂಪೋ ಇತ್ತು, ಘಾಟ್ ರಸ್ತೆ ಇತ್ತು. ಟೆಂಪೋದಲ್ಲಿ ಬಂದವರು ಟೆಂಪೋದ ಹತ್ತಿರವಲ್ಲದೆ ಇನ್ನೆಲ್ಲಿರುತ್ತಾರೆ? ನಾನು ಗ್ರಂಥಪಾಲಕ, ಹರಿದ ಪುಟದಲ್ಲಿ ಏನಿದ್ದಿರಬಹುದೆಂದು ಊಹಿಸುವುದು ನನ್ನ ವೃತ್ತಿಧರ್ಮ. ಹಾಳೆಯ ಖಾಲಿ ಜಾಗದಲ್ಲಿ ಅಂದವಾದ ಅಕ್ಷರದಲ್ಲಿ “ರೋಗಿ ಟೆಂಪೋ ಬಳಿ” ಎಂದು ತುಂಬಿದೆ. ಮೈಕು ಒತ್ತಿ ಮಹದೇವುವನ್ನು ಕರೆದೆ.

“ಮಹದೇವು, ಬರ್ಕೋ. ಆಂಬುಲೆನ್ಸ್‌ಗೆ ಫೋನ್ ಮಾಡು. ಘಾಟ್ ರಸ್ತೆಗೆ ಕಳಿಸು. ಪೇಷಂಟು ಟೆಂಪೋ ಹತ್ರ…”

“ಬ್ರೇಕ್.” ಸರೋಜಮ್ಮನವರ ದನಿ. “ಮೂರ್ತಿಗಳೇ, ‘ಪೇಷಂಟು ಟೆಂಪೋ ಹತ್ರ’ ಅನ್ನೋದು ಅವರು ಹೇಳಿದ್ದೋ, ನೀವು ಹೇಳ್ತಾ ಇರೋದೋ?”

ಎಂಟು ಮನೆಗಳಲ್ಲಿ ಎಂಟು ಮಂದಿ ಕೇಳುತ್ತಿದ್ದರು. ಅವರ ಮುಂದೆ ನಾನು ಒಬ್ಬ ಹಿರಿಯ ಹ್ಯಾಮ್, ಆ ದಿನದ ಕಂಟ್ರೋಲ್, ಫೈವ್ ನೈನ್ ಕೊಟ್ಟವನು. ಕೊಟ್ಟ ಅಂಕವನ್ನು ಹಿಂದಕ್ಕೆ ಪಡೆಯುವುದೆಂದರೆ ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರೇ ಫೇಲಾದಂತೆ.

“ನಾನು ಹೇಳ್ತಾ ಇರೋದು, ಅಮ್ಮಾ” ಎಂದೆ. “ನನಗೆ ಅವರು ಬಂದಿದ್ದು ಫೈವ್ ನೈನ್ ಅಲ್ಲ. ಮೂರು-ಎರಡು. ಅರ್ಧ ಕೇಳಿಸ್ಲೇ ಇಲ್ಲ.”

“ಸರಿ. ಈಗ ಕೆಲಸ ಶುರುವಾಯ್ತು” ಎಂದರು ಸರೋಜಮ್ಮ. “ಕಂಟ್ರೋಲ್ ನೀವೇ. ಒಬ್ಬೊಬ್ಬರನ್ನೇ ಕೇಳಿ. ಕೇಳಿಸಿದ್ದು ಮಾತ್ರ ಹೇಳ್ಬೇಕು. ಕೇಳಿಸದೇ ಇದ್ದದ್ದು ಕೇಳಿಸ್ಲಿಲ್ಲ ಅನ್ಬೇಕು. ಯಾರೂ ಮರ್ಯಾದೆ ನೋಡ್ಕೋಬೇಡಿ.”

ಹೀಗೆ, ನಮ್ಮ ಹಾಜರಿಯ ಇತಿಹಾಸದಲ್ಲಿ ಮೊದಲ ಬಾರಿಗೆ, ನಿಜವಾದ ಹಾಜರಿ ನಡೆಯಿತು. ಮೊದಲು ಗಿರೀಶನನ್ನು ಕೇಳಿದೆ.

“ಸಾರ್, ಸತ್ಯ ಹೇಳ್ತೀನಿ. ನನಗೆ ಎರಡು-ಎರಡು. ಶುರುವಿನಲ್ಲಿ ಕೆಳಗಡೆ ಮನೆ ಸಂಪ್ ಮೋಟಾರ್ ಓಡ್ತಿತ್ತು, ನಾನೇ ರಿಪೇರಿ ಮಾಡಿದ್ದು, ಏನ್ ಹೇಳ್ಲಿ! ಹೆಜ್ಜೇನು ಅನ್ನೋದೇ ನಿಮ್ಮ ಬಾಯಿಂದ ಕೇಳ್ತಿರೋದು. ಆದರೆ ಮೋಟಾರ್ ನಿಂತ ಮೇಲೆ ಒಂದು ಮಾತು ಕ್ಲಿಯರ್ ಆಗಿ ಬಂತು ಸಾರ್: ‘ಕೆಳಗೆ ಓಡಿ ಹೊಳೆ ದಾಟಿದ್ವಿ, ಹಳೇ ಪಂಪ್‌ಹೌಸ್ ಒಳಗೆ ಬಾಗಿಲು ಹಾಕ್ಕೊಂಡಿದ್ದೀವಿ.’ ಅದರ ಹಿಂದೆ ಮುಂದೆ ನನಗೆ ಗೊತ್ತಿಲ್ಲ.”

ಗಿರೀಶನಿಗೆ ಸ್ಪಷ್ಟವಾಗಿ ಬಂದ ಆ ಒಂದು ಮಾತು, ನನ್ನ ಮನೆಯ ಚಟ್ನಿಯಲ್ಲಿ ರುಬ್ಬಿಹೋಗಿದ್ದ ಮಾತು. ಅಂದವಾದ ಅಕ್ಷರದಲ್ಲಿ ನಾನು ತುಂಬಿದ್ದ “ರೋಗಿ ಟೆಂಪೋ ಬಳಿ” ಹಾಳೆಯಿಂದ ನನ್ನನ್ನೇ ನೋಡುತ್ತಿತ್ತು. ರಬ್ಬರಿನಿಂದ ಅಳಿಸಿದೆ. ಅಳಿಸಿದ ಗುರುತು ಈಗಲೂ ಆ ಪುಟದಲ್ಲಿದೆ.

ನಾಗರಬಾವಿಯವರಿಗೆ ಬರೀ ಗರಗರ. ರಾಜಾಜಿನಗರದವರಿಗೆ ‘ಹದಿಮೂರು’ ಮತ್ತು ‘ಅಕ್ಕ’. ಎಲ್ಲರ ಮನೆಯಲ್ಲೂ ಏನೋ ಒಂದು ಓಡುತ್ತಿತ್ತು: ಒಬ್ಬರಿಗೆ ವಾಷಿಂಗ್ ಮೆಷಿನ್, ಒಬ್ಬರಿಗೆ ಎದುರು ಮನೆಯ ಕಲ್ಲು ಕೊಯ್ಯುವ ಯಂತ್ರ, ಒಬ್ಬರಿಗೆ ಬೀದಿಯ ಟ್ರಾನ್ಸ್‌ಫಾರ್ಮರು. ಸರೋಜಮ್ಮನವರು ತಮ್ಮ ಹಾಳೆಯನ್ನು ಓದಿದರು. ನಾಲ್ಕು ಗೀಟು, ಎರಡು ವಾಕ್ಯ. “ಗೀಟು, ಗೀಟು, ಗೀಟು. ‘ಟೆಂಪೋ ಹತ್ರ ಯಾರೂ ಹೋಗ್ಬೇಡಿ, ಇನ್ನೂ ಮುತ್ಕೊಂಡಿವೆ.’ ಗೀಟು. ‘ಸೈರನ್ ಹಾಕ್ಬೇಡಿ.’ ಅಷ್ಟೇ.”

ಆಗ ನನಗೆ ಹೊಳೆದದ್ದನ್ನು, ಆ ಗಡಿಬಿಡಿಯಲ್ಲಿ ಅಲ್ಲ, ಆಮೇಲೆ ಎಷ್ಟೋ ದಿನ ಮೆಲುಕು ಹಾಕಿದ್ದೇನೆ. ನಾವೆಲ್ಲರೂ ಅರ್ಧ ಕಿವುಡರು. ಆದರೆ ಒಬ್ಬೊಬ್ಬರೂ ಬೇರೆಬೇರೆ ಕ್ಷಣದಲ್ಲಿ ಕಿವುಡರು. ನನ್ನ ಮನೆಯ ಮಿಕ್ಸಿ ಹೊಸಹಳ್ಳಿಯಲ್ಲಿ ರುಬ್ಬುವುದಿಲ್ಲ, ಹೊಸಹಳ್ಳಿಯ ಮೋಟಾರು ಕೆಂಗೇರಿಯಲ್ಲಿ ಓಡುವುದಿಲ್ಲ. ಒಬ್ಬೊಬ್ಬರೂ ಪೂರ್ತಿ ಕೇಳಿಸಿತೆಂದು ಸೋಗು ಹಾಕಿದ್ದರೆ ನಮ್ಮಲ್ಲಿ ಉಳಿಯುತ್ತಿದ್ದದ್ದು ಎಂಟು ಕುಲಗೆಟ್ಟ ಸಂದೇಶಗಳು; ಇಷ್ಟೇ ಕೇಳಿಸಿದ್ದು ಎಂದು ಒಪ್ಪಿಕೊಂಡ ಕೂಡಲೇ ಆ ಎಂಟು ಚಿಂದಿಗಳು ಸೇರಿ ಒಂದು ಕೌದಿಯಾಯಿತು. ಪಂಡಿತರ ಸಭೆಗಳಲ್ಲಿ ಇಂಥ ಪವಾಡ ನಡೆಯುವುದು ನಾನು ಕಂಡಿಲ್ಲ.

ಕೊನೆಗೆ ಮಹದೇವು. “ನನಗೆ ಶುದ್ಧ ಸೊನ್ನೆ ಸಾರ್. ಏನಂದ್ರೆ ಏನೂ ಇಲ್ಲ. ನಡುವೆ ಗುಡ್ಡ ಅಡ್ಡ ಇದೆ, ಹತ್ರ ಇದ್ದೂ ನನಗೆ ಬರಲ್ಲ ಅವರು. ಆದರೆ ಹಳೇ ಪಂಪ್‌ಹೌಸ್ ನನಗೆ ಗೊತ್ತು. ಅದು ಘಾಟ್ ರಸ್ತೆಗೆ ಸಿಗಲ್ಲ ಸಾರ್, ಕೆಳಗಿನ ಹೊಳೆ ರಸ್ತೇಲೇ ಬರಬೇಕು. ನಾನು ಈಗಲೇ ಫೋನ್ ಮಾಡ್ತೀನಿ. ದಾರಿ ತೋರ್ಸಕ್ಕೆ ಮುಂದೆ ಮುಂದೆ ನಾನೇ ಬೈಕಲ್ಲಿ ಹೋಗ್ತೀನಿ. ಬನ್ನು ಸೀದ್ರೆ ಸೀಯ್ಲಿ.”

ಏನೂ ಕೇಳಿಸದವನೇ ಎಲ್ಲರಿಗಿಂತ ಹೆಚ್ಚು ಕೆಲಸಕ್ಕೆ ಬಂದ. ಅವನು ಅಂದು ಸೌಜನ್ಯಕ್ಕೆ ಒಂದು ಫೈವ್ ನೈನ್ ಎಂದಿದ್ದರೆ ಗುಡ್ಡದ ಮಾತೂ ಬರುತ್ತಿರಲಿಲ್ಲ, ಪಂಪ್‌ಹೌಸಿನ ಮಾತೂ ಬರುತ್ತಿರಲಿಲ್ಲ.

ಇನ್ನು ಹತ್ತೂಕಾಲಿನ ಕರೆ. ನಾವು ಕಟ್ಟಿದ ಕೌದಿ ಸರಿಯೇ ಎಂದು ಒರೆಗೆ ಹಚ್ಚಲು ಇದ್ದ ಒಂದೇ ಅವಕಾಶ ಅದು. ನಾನು ಹೆಡ್‌ಫೋನ್ ತೆಗೆದು ಅಡುಗೆಮನೆಗೆ ಹೋದೆ. ಸುಶೀಲ ಒಗ್ಗರಣೆ ಸಟ್ಟುಗ ಹಿಡಿದು ನಿಂತಿದ್ದಳು. ವಿಷಯ ಹೇಳಿದೆ. ಮಿಕ್ಸಿಯ ವಿಷಯವನ್ನೂ ಹೇಳಿದೆ.

ಅವಳು ನನ್ನನ್ನೇ ನೋಡಿದಳು. “ಇಷ್ಟು ವರ್ಷ ತೊಂದರೆ ಆಗ್ತಿತ್ತಾ?”

“ಆಗ್ತಿತ್ತು.”

“ಬಾಯಿಬಿಟ್ಟು ಹೇಳಕ್ಕೇನ್ರೀ ಆಗಿತ್ತು ನಿಮಗೆ?”

ಉತ್ತರಕ್ಕೆ ಅವಳು ಕಾಯಲಿಲ್ಲ. ಸಟ್ಟುಗ ಕೈಯಲ್ಲೇ ಇತ್ತು. ಮೊದಲು ನಮ್ಮ ಮನೆಯ ಮೆಯಿನ್ ಸ್ವಿಚ್ ಇಳಿಸಿದಳು. ಆಮೇಲೆ ಮೆಟ್ಟಿಲಿಳಿದು ಕೆಳಗಿನ ಮನೆ, ಪಕ್ಕದ ಮನೆ, ಎದುರು ಮನೆ, ಹಿಂದಿನ ಸಾಲಿನ ಎರಡು ಮನೆಗಳ ಬಾಗಿಲು ತಟ್ಟಿದಳು. ಅವಳ ದನಿ ಕಿಟಕಿಯಿಂದ ಒಳಗೆ ಬರುತ್ತಿತ್ತು, ಅದು ಮಾತ್ರ ನಿಜವಾದ ಫೈವ್ ನೈನ್. “ಮೆಯಿನ್ ಆಫ್ ಮಾಡಿ ಕಾಲು ಗಂಟೆ, ಒಬ್ಬರ ಜೀವದ ವಿಷಯ… ಹೌದು, ಫ್ರಿಜ್ಜೂ.” ಎದುರು ಮನೆಯ ಬಾಡಿಗೆಯ ಯುವಕನೊಬ್ಬ “ಆಂಟಿ, ಮ್ಯಾಚ್ ನಡೀತಾ ಇದೆ” ಎಂದ. “ಯಾರು ಗೆದ್ರು ಅಂತ ನಾಳೆ ಪೇಪರ್‌ನಲ್ಲಿ ಬರತ್ತೆ, ಆಫ್ ಮಾಡಪ್ಪಾ” ಎಂದಳು. ಸಟ್ಟುಗ ಕಂಡದ್ದರಿಂದಲೋ ಏನೋ, ಅವನು ಹೋಗಿ ಸ್ವಿಚ್ ಇಳಿಸಿದ. ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ನನಗೆ ಸಾಧಿಸಲಾಗದ ಮೌನವನ್ನು ನನ್ನ ಹೆಂಡತಿ ಹತ್ತು ನಿಮಿಷದಲ್ಲಿ ಒಂದಿಡೀ ಅಡ್ಡರಸ್ತೆಗೆ ಹೊದಿಸಿದಳು.

ಬ್ಯಾಟರಿಯ ಮೇಲೆ ರೇಡಿಯೋ ಹಾಕಿ ಕುಳಿತೆ. ಗರಗರವೆಲ್ಲ ಇಳಿದುಹೋಗಿತ್ತು, ಮಳೆ ನಿಂತ ಮೇಲೆ ದೂರದ ದೇವಸ್ಥಾನದ ಗಂಟೆ ಕೇಳುತ್ತದಲ್ಲ, ಅಂಥ ನಿಚ್ಚಳ. ಫ್ರೀಕ್ವೆನ್ಸಿಯ ಮೇಲೆ ಮಹದೇವು ಬಿಟ್ಟು ಉಳಿದವರೆಲ್ಲ ಕಾಯುತ್ತಿದ್ದರು. ನಡುವೆ ತಮಿಳುನಾಡಿನ ಕಡೆಯ ಒಂದು ಅಪರಿಚಿತ ದನಿ, ಇಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿತು. “ಎಮರ್ಜೆನ್ಸಿ” ಎಂದರು ಸರೋಜಮ್ಮ, ಒಂದೇ ಪದ. ಆ ಮಹಾನುಭಾವ ಕೂಡಲೇ ಸ್ವಲ್ಪ ಪಕ್ಕಕ್ಕೆ ಸರಿದು, ಅಲ್ಲಿಗೆ ಬಂದವರನ್ನೆಲ್ಲ ತಾನೇ ತಡೆದು ಬೇರೆ ಕಡೆಗೆ ಕಳಿಸುತ್ತಾ ಮುಂದಿನ ಒಂದು ಗಂಟೆ ಕಾವಲು ನಿಂತ. ಅವನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಹತ್ತೂಕಾಲು.

“ನಂಜುಂಡಯ್ಯ… ಹೇಗೆ ಬರ್ತಾ ಇದೀನಿ?”

“ಮೂರು-ಎರಡು” ಎಂದೆ. “ಒಂದೊಂದೇ ಮಾತು ಹೇಳಿ, ನಾನು ತಿರುಗಿ ಹೇಳ್ತೀನಿ.”

“ಆಗ ಫೈವ್ ನೈನ್ ಅಂದ್ರಿ?”

“ಆಗ ಸುಳ್ಳು ಹೇಳಿದ್ದೆ. ಈಗ ಕೇಳಿ. ಆಂಬುಲೆನ್ಸ್ ಹೊಳೆ ರಸ್ತೇಲಿ ಹಳೇ ಪಂಪ್‌ಹೌಸಿಗೆ ಬರ್ತಾ ಇದೆ. ಸರಿಯಾ?”

“ಹೊಳೆ ರಸ್ತೆ. ಹಳೇ ಪಂಪ್‌ಹೌಸ್. ಸರಿ.”

“ಟೆಂಪೋ ಹತ್ರ ಯಾರೂ ಹೋಗಲ್ಲ. ಸೈರನ್ ಇಲ್ಲ. ಸರಿಯಾ?”

“ಸರಿ, ಸರಿ.”

“ಅಕ್ಕ ಹೇಗಿದಾರೆ?”

“ಮಾತಾಡ್ತಾ ಇಲ್ಲ. ಉಸಿರಿದೆ.” ಆಮೇಲೆ, ಬಹಳ ಸಣ್ಣಗೆ, “ಬೇಗ ಬರ್ಲಿ.”

ಸರೋಜಮ್ಮನವರು ಅಷ್ಟನ್ನೂ ಬರೆದುಕೊಂಡರು. ಈ ಸಲ ಒಂದು ಗೀಟೂ ಇರಲಿಲ್ಲ.

ಆ ಮುಂದಿನ ಒಂದು ಗಂಟೆಯ ಬಗ್ಗೆ ವಿಸ್ತಾರವಾಗಿ ಬರೆಯಲು ನನಗೆ ಮನಸ್ಸಿಲ್ಲ. ಕಾಯುವುದು ಕೂಡ ರೇಡಿಯೋದವರ ಒಂದು ಕೆಲಸ. ಅದಕ್ಕೆ ಪರೀಕ್ಷೆಯಲ್ಲಿ ಪಾಠವಿಲ್ಲ. ಸುಶೀಲ ರಾಗಿ ಡಬ್ಬದ ಮೇಲೆ ಬಂದು ಕುಳಿತಳು. ನನ್ನ ಹೆಡ್‌ಫೋನಿನ ಒಂದು ಕಿವಿಯನ್ನು ಅವಳ ಕಿವಿಗೆ ಹಿಡಿದೆ. ಇಷ್ಟು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಬೇಳೆ ತೆಗೆಯುವುದಕ್ಕಲ್ಲದೆ ಕುಳಿತದ್ದು ಅದೇ ಮೊದಲು.

ಹನ್ನೊಂದೂ ಇಪ್ಪತ್ತಕ್ಕೆ, ಸಾಯುತ್ತಿರುವ ಬ್ಯಾಟರಿಯ ಕೊನೆಯ ಗುಟುಕಿನಲ್ಲಿ, ಒಂದೇ ಒಂದು ಪದ ಬಂತು.

“ಬಂದ್ರು.”

ಮಹದೇವುವಿನದನ್ನು ಬಿಟ್ಟು ಎಲ್ಲರ ಮನೆಗಳಲ್ಲೂ ಅದು ಕೇಳಿಸಿತು. ಕೂಡಲೇ ಶಿಸ್ತು, ಸರದಿ, ಕರೆಹೆಸರು ಎಲ್ಲ ಗಾಳಿಗೆ ಹಾರಿ, ಇದ್ದವರೆಲ್ಲ ಒಟ್ಟಿಗೆ ಮೈಕು ಒತ್ತಿ ಕೂಗಿದರು. ಹಾಗೆ ಎಲ್ಲರೂ ಒಟ್ಟಿಗೆ ಒತ್ತಿದರೆ ಯಾರ ಮಾತೂ ಕೇಳುವುದಿಲ್ಲ, ಒಂದು ವಿಚಿತ್ರ ಸಿಳ್ಳೆ ಮಾತ್ರ ಬರುತ್ತದೆ. ಯಾವ ಜಾತ್ರೆಯ ಸಿಳ್ಳೆಯೂ ನನಗೆ ಅಷ್ಟು ಇಂಪಾಗಿ ಕೇಳಿಸಿಲ್ಲ. “ಹಾಜರಿ ಇನ್ನೂ ಮುಗಿದಿಲ್ಲ! ಒಬ್ಬೊಬ್ಬರಾಗಿ ಮಾತಾಡಿ!” ಎಂದು ಗದರಿದರು ಸರೋಜಮ್ಮ. ಗದರುತ್ತಾ ಗದರುತ್ತಾ ಅವರ ದನಿಯೇ ಒಡೆಯಿತು, ಮೈಕು ಬಿಟ್ಟುಬಿಟ್ಟರು. ಹಾಗಾಗಿ ಅವರು ಹೇಳದೆ ಬಿಟ್ಟ ಮಾತಿನ ಜಾಗದಲ್ಲಿ ಆ ದಿನದ ಹಾಜರಿಯಲ್ಲಿಯೂ ಒಂದು ಗೀಟು ಉಳಿಯಿತು. ನಾವು ಯಾರೂ ಅದನ್ನು ಅಂದಾಜಿನಿಂದ ತುಂಬಲಿಲ್ಲ.

ಅಂದಿನಿಂದ ನಮ್ಮ ಭಾನುವಾರಗಳ ಸ್ವರೂಪವೇ ಬದಲಾಗಿದೆ. ಹೊಸಬರು ಯಾರಾದರೂ ಬಂದರೆ ಗಾಬರಿಯಾಗುತ್ತಾರೆ. “ನೀವು ಮೂರು-ನಾಲ್ಕು.” “ನೀವೇನು ಹೆಚ್ಚಲ್ಲ ಬಿಡಿ ಸಾರ್, ಎರಡು-ಐದು.” ಆಸ್ಪತ್ರೆಯಲ್ಲಿ ಸಾಲಾಗಿ ಕುಳಿತು ರಕ್ತದೊತ್ತಡದ ವರದಿ ಓದಿಕೊಂಡಂತೆ ಇರುತ್ತದೆ. ನಂಜುಂಡಯ್ಯನವರು ಮಲೇಷಿಯಾದ ಗೆಳೆಯನಿಗೂ ನಿಜ ಹೇಳಲು ಹೋಗಿ ಆ ಸ್ನೇಹ ಸ್ವಲ್ಪ ತೆಳುವಾಗಿದೆಯಂತೆ. ಅವರ ಮನೆಯಲ್ಲಿ ಇನ್ನೊಂದು ತೊಡಕೂ ಇದೆ: ಹೆಜ್ಜೇನು ಎದ್ದಾಗ ಪ್ರತಿಯೊಬ್ಬರೂ ತಮಗೆ ಅತ್ಯಂತ ಪ್ರಿಯವಾದದ್ದನ್ನು ಅವಚಿಕೊಂಡು ಓಡಿದರು, ಅವರು ಅವಚಿಕೊಂಡದ್ದು ರೇಡಿಯೋ ಚೀಲವನ್ನು. ಅದರಿಂದ ಜೀವ ಉಳಿಯಿತೆಂಬ ವಾದವನ್ನು ಅವರ ಪತ್ನಿ ಒಪ್ಪುತ್ತಾರೆ. ಮರೆಯಲು ಮಾತ್ರ ಒಪ್ಪುತ್ತಿಲ್ಲ.

ಸತ್ಯವನ್ನೇ ಹೇಳಬೇಕು, ಸೌಜನ್ಯ ಬೇಡ ಎಂದು ನಿಮಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಬಂಧುಬಳಗದ ಎಷ್ಟೋ ಮದುವೆಗಳು ಸೌಜನ್ಯದ ಮೇಲೆಯೇ ನಿಂತಿವೆ, ಅವನ್ನು ಬೀಳಿಸುವುದು ನನ್ನ ಉದ್ದೇಶವಲ್ಲ. ನನಗೆ ತಿಳಿದದ್ದು ಇಷ್ಟು: ಕಷ್ಟದಲ್ಲಿರುವವನು “ಹೇಗೆ ಕೇಳ್ತಾ ಇದೆ?” ಎಂದು ಕೇಳಿದಾಗ ಅವನು ಹೊಗಳಿಕೆ ಕೇಳುತ್ತಿಲ್ಲ, ಇನ್ನೊಂದು ಸಲ ಹೇಳಬೇಕೋ ಬೇಡವೋ ಎಂದು ಕೇಳುತ್ತಿದ್ದಾನೆ. “ಚೆನ್ನಾಗಿ ಕೇಳಿಸ್ತು” ಎಂದು ನಾವು ಬಾಯಿ ಸಿಹಿ ಮಾಡಿದ ಕ್ಷಣವೇ ಅವನ ಬಾಯಿಗೆ ಬೀಗ ಬಿದ್ದಿರುತ್ತದೆ.

ಹೋದ ತಿಂಗಳು ನಂಜುಂಡಯ್ಯನವರು ಗೌರಮ್ಮನವರನ್ನು ನಮ್ಮ ಮನೆಗೆ ಕರೆತಂದರು. ಗೌರಮ್ಮ ಮೊದಲು ಉಗ್ರಾಣಕ್ಕೆ ಹೋಗಿ ರೇಡಿಯೋವನ್ನು ಸುತ್ತಲೂ ನೋಡಿ, “ಇಷ್ಟೇನಾ!” ಎಂದರು. ಆಮೇಲೆ ಊಟದ ಮೇಜಿನ ಮುಂದೆ ಕುಳಿತರು. ಸುಶೀಲ ಉಪ್ಪಿಟ್ಟು ಬಡಿಸಿ, ಸೆರಗಿಗೆ ಕೈಯೊರೆಸುತ್ತಾ, “ಹೇಗಿದೆ?” ಎಂದು ಕೇಳಿದಳು.

“ಉಪ್ಪು ಕಡಿಮೆ ಕಣಮ್ಮಾ” ಎಂದರು ಗೌರಮ್ಮ.

ಸುಶೀಲ ನನ್ನ ಕಡೆ ತಿರುಗಿದಳು. ಮೂವತ್ತೆಂಟು ವರ್ಷದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿ, “ನಾಲ್ಕು-ಆರು” ಎಂದೆ. ಅವಳು ಉಪ್ಪಿನ ಡಬ್ಬಿ ತಂದು ಮೇಜಿನ ಮೇಲೆ ಇಟ್ಟಳು. ಗೌರಮ್ಮ ಉಪ್ಪು ಹಾಕಿಕೊಂಡು ಎರಡನೇ ಸಲ ಬಡಿಸಿಕೊಂಡರು.

ಅಂದು ಆಸ್ಪತ್ರೆಯಲ್ಲಿ ಅವರ ಮೈಯಿಂದ ಅರವತ್ತೆರಡು ಮುಳ್ಳು ತೆಗೆದಿದ್ದರು. ಐದನೇ ದಿನ ಮನೆಗೆ ಕಳಿಸಿದ್ದರು.